ಲೇನ್ ಬದಲಿಸಿದರೆ ಕ್ಯಾಮೆರಾಗೆ ಕಾಣುವುದಿಲ್ಲ

ಎಂಬತ್ತು, ಮುಳ್ಳು ಎಂಬತ್ತರ ಮೇಲೆ ಕೂತಿದೆ, ಕೂತಿರಲಿ, ಅಲ್ಲಾಡಬೇಡ ಎಂದು ಅವನು ಮುಳ್ಳಿಗೇ ಹೇಳಿಕೊಳ್ಳುವ ಹೊತ್ತಿಗೆ ರಸ್ತೆಗೆ ಅಡ್ಡ ಚಾಚಿದ ನಾಲ್ಕನೆಯ ಹಳದಿ ಕಂಬ ತಲೆಯ ಮೇಲಿಂದ ಹಾದುಹೋಯಿತು, ಅದರ ನೆರಳು ಬಾನೆಟ್ಟನ್ನೂ ಅವನ ಮೊಣಕೈಯನ್ನೂ ಪಕ್ಕದಲ್ಲಿ ಕೂತ ಅಕ್ಕನ ಮಡಿಲಲ್ಲಿದ್ದ ಹಣ್ಣಿನ ಚೀಲವನ್ನೂ ಒಂದೇ ಏಟಿಗೆ ಕೊಯ್ದು ಹಿಂದಕ್ಕೆ ಬಿತ್ತು — ನಾಲ್ಕರ ಕ್ಯಾಮೆರಾ ಡಬ್ಬಿಯ ಗಾಜು ಕೊಳೆಯಾಗಿದೆ, ಒರೆಸಬೇಕು, ಯಾರು ಒರೆಸುತ್ತಾರೆ ಈಗ, ಹದಿನೆಂಟು ದಿನದಿಂದ ಅವನು ಏಣಿಬುಟ್ಟಿ ಹತ್ತಿಲ್ಲ, ಈ ಹೆದ್ದಾರಿಯ ಸರಾಸರಿ ವೇಗ ಅಳೆಯುವ ಕ್ಯಾಮೆರಾಗಳಿಗೆಲ್ಲ ಇರುವ ಒಬ್ಬನೇ ಮೆಕ್ಯಾನಿಕ್ಕು ಅವನು, ಮೈ ಹುಷಾರಿಲ್ಲವೆಂದು ರಜೆ ಹಾಕಿ ಮನೆಯಲ್ಲಿ ಗೋಡೆ ನೋಡುತ್ತ ಮಲಗಿದ್ದ. ಕಂಬದಿಂದ ಕಂಬಕ್ಕೆ ಆರು ಕಿಲೋಮೀಟರು, ಎಂಬತ್ತರಲ್ಲಿ ಹೋದರೆ ನಾಲ್ಕೂವರೆ ನಿಮಿಷ, ಅದಕ್ಕಿಂತ ಬೇಗ ಬಂದರೆ ಗೊತ್ತಾಗುತ್ತದೆ, ಅಷ್ಟೇ, ಮೂರನೇ ಕ್ಲಾಸಿನ ಭಾಗಾಕಾರ, ಈ ಭಾಗಾಕಾರಕ್ಕೆ ಜನ ಎಷ್ಟು ರೆಕ್ಕೆಪುಕ್ಕ ಕಟ್ಟಿದರು. ಏನೋ ಯೋಚನೆ ನಿಂದು, ಎಂದಳು ಅಕ್ಕ, ಏನಿಲ್ಲ, ಎಂದ, ಏನಿಲ್ಲ ಅನ್ನೋನು ಸ್ಟೀರಿಂಗನ್ನ ಹಾಗೆ ಹಿಸುಕ್ತಾನೇನೋ, ಅದೇನು ಒದ್ದೆ ಬಟ್ಟೆನಾ — ಅಕ್ಕ ಆಸ್ಪತ್ರೆಯ ಲಾಂಡ್ರಿಯವಳು, ಅವಳಿಗೆ ಜಗತ್ತೆಲ್ಲ ಹಿಂಡಬೇಕಾದ ಬಟ್ಟೆ, ಮೊನ್ನೆ ಸುದ್ದಿ ತಂದವಳೂ ಅವಳೇ, ನಿಮ್ಮ ಕ್ಯಾಂಟೀನಿನ ಬ್ರೆಡ್ಡಣ್ಣ ನಮ್ಮ ಆರನೇ ವಾರ್ಡಲ್ಲಿದಾನೆ ಕಣೋ, ಬಲಗಾಲು ಮಂಡಿ ಮೇಲಕ್ಕೆ ತೆಗೆದಿದಾರೆ, ನೀನು ನನ್ನ ತಮ್ಮ ಅಂತ ಗೊತ್ತಾಗಿದ್ದೇ ತಡ, ಒಂದ್ಸಲ ಕರ್ಕೊಂಡ್ ಬನ್ನಿ ಅಕ್ಕಾ, ಒಂದು ಮಾತು ಕೇಳ್ಬೇಕು ಅಂದ, ಏನು ಮಾತು ಅದು. ಗೊತ್ತಿಲ್ಲ ಎಂದಿದ್ದ ಅವನು. ಗೊತ್ತಿತ್ತು. ಕನ್ನಡಿಯಲ್ಲಿ ಒಂದು ಬೂದು ಕಾರು, ಹತ್ತಿರ, ತೀರ ಹತ್ತಿರ, ದೀಪವನ್ನು ಕಣ್ಣಿಗೆ ಚುಚ್ಚುವಂತೆ ಹಚ್ಚಿ ಆರಿಸುತ್ತಿದೆ, ದಾರಿ ಬಿಡು ಎಂದು, ಪಕ್ಕದ ಲೇನು ಖಾಲಿ ಇದೆ, ಹೋಗಬಾರದೇನು ಮಹರಾಯ, ಹೋಗುವುದಿಲ್ಲ, ಇವನನ್ನೇ ನೂಕಿಕೊಂಡು ಹೋಗಬೇಕು ಅವನಿಗೆ.

ಹೆದ್ದಾರಿ ಬದಿಯ ಕ್ಯಾಂಟೀನಿನಲ್ಲಿ ದಿನಕ್ಕೊಂದು ಗಾಳಿಮಾತು, ನಂಬರ್ ಪ್ಲೇಟಿಗೆ ಕೂದಲಿನ ಸ್ಪ್ರೇ ಹೊಡೆದರೆ ಫೋಟೋ ಬೆಳ್ಳಗಾಗುತ್ತದಂತೆ, ಹಳೇ ಸಿಡಿ ನೇತುಹಾಕಿದರೆ ಕ್ಯಾಮೆರಾಗೆ ಕಣ್ಣು ಕೋರೈಸುತ್ತದಂತೆ, ಎರಡು ಡಬ್ಬಿಗೊಂದು ಖಾಲಿಯಂತೆ, ಒಳಗೆ ಗುಬ್ಬಿ ಮರಿ ಹಾಕಿದೆಯಂತೆ, ಮಳೆ ಬಂದರೆ ಕುರುಡಂತೆ — ಅಂತೆಕಂತೆಗಳ ಸಂತೆ, ಮತ್ತೆ ಆ ಸಂತೆಯಿಂದ ಎದ್ದು ರಸ್ತೆಗಿಳಿದವರ ಕುಣಿತ, ಕಂಬ ಕಂಡೊಡನೆ ಬ್ರೇಕಿನ ಮೇಲೆ ಎದ್ದು ನಿಲ್ಲುವವರು, ಕಂಬ ದಾಟಿದೊಡನೆ ಬಾಲಕ್ಕೆ ಬೆಂಕಿ ಹತ್ತಿದವರ ಹಾಗೆ ಓಡುವವರು, ಓಡಿ ಉಳಿಸಿದ ಹತ್ತು ನಿಮಿಷವನ್ನು ಇದೇ ಕ್ಯಾಂಟೀನಿನಲ್ಲಿ ಚಹಾ ಕುಡಿದು ಕಳೆದು ಸರಾಸರಿ ಇಳಿಸುವ ಜಾಣರು. ನಗು ಬರುತ್ತಿತ್ತು ಮೊದಮೊದಲು. ಆಮೇಲೆ ಏಳನೆಯ ಕಂಬಕ್ಕೆ ಟೈರು ಸಿಕ್ಕಿಸಿ ಬೆಂಕಿಯಿಟ್ಟರು, ಕರಗಿದ ರಬ್ಬರನ್ನು ಅವನು ಎರಡು ದಿನ ಉಳಿಯಲ್ಲಿ ಕೆತ್ತಿದ, ಆಮೇಲೆ ಅವನು ಬುಟ್ಟಿಯಲ್ಲಿ ಮೇಲಿದ್ದಾಗ ನಾಲ್ಕು ಜನ ಕೆಳಗಿನ ಗಾಡಿಯನ್ನು ಹಿಡಿದು ಅಲ್ಲಾಡಿಸಿದರು, ಹಣ್ಣು ಉದುರಿಸುವ ಹಾಗೆ, ಇಳಿಯೋ ಕಳ್ಳ, ಇಳಿದು ಬಾ, ಆಮೇಲೆ ಒಂದು ದಿನ ಓಡುವ ಲಾರಿಯಿಂದ ಬಂದ ಬಾಟಲಿ ಹೆಲ್ಮೆಟ್ಟಿಗೆ ಬಡಿದು ಒಡೆಯಿತು, ಕತ್ತಿನಿಂದ ಬೆನ್ನಿಗಿಳಿದದ್ದು ಉಚ್ಚೆ, ಇನ್ನೂ ಬೆಚ್ಚಗಿತ್ತು. ಕ್ಯಾಂಟೀನಿನ ನಲ್ಲಿಯ ಕೆಳಗೆ ತಲೆಯೊಡ್ಡಿ ನಿಂತವನನ್ನು ನೋಡಿ ಮೂಗು ಹಿಡಿದು ನಕ್ಕವರೇ ಎಲ್ಲ, ಬ್ರೆಡ್ಡಣ್ಣ ಒಬ್ಬ ಎದ್ದು ಬಂದು ತನ್ನ ವ್ಯಾನಿನಿಂದ ಟವೆಲ್ಲು ಕೊಟ್ಟ, ಅಂಗಡಿಯಂಗಡಿಗೆ ಬ್ರೆಡ್ಡು ಹಾಕುವ ಮನುಷ್ಯ, ಟವೆಲ್ಲಿಗೂ ಬ್ರೆಡ್ಡಿನದೇ ವಾಸನೆ, ಒರೆಸಿಕೊಂಡಾದ ಮೇಲೆ ಕೇಳಿದ, ಗುರುವೇ, ನೀನು ನಮ್ಮವನು, ಬೇಜಾರು ಮಾಡ್ಕೋಬೇಡ, ನಿಜ ಹೇಳು, ಏನಾದ್ರೂ ಒಂದು ದಾರಿ ಇರ್ಲೇಬೇಕಲ್ಲ. ಅವನು ಟವೆಲ್ಲು ಹಿಂತಿರುಗಿಸಿದ. ಇದೆ, ಎಂದ, ಗಟ್ಟಿಯಾಗಿ, ಬೆಂಚಿನ ಕೊನೆಯವನಿಗೂ ಕೇಳಲಿ ಎಂದು, ಇದೆ, ಕಂಬದ ಬುಡಕ್ಕೆ ಬಂದಾಗ ಲೇನ್ ಬದಲಿಸ್ಬೇಕು, ಒಂದು ಕಂಬದ ಕೆಳಗೆ ಒಂದು ಲೇನು, ಮುಂದಿನದರ ಕೆಳಗೆ ಇನ್ನೊಂದು, ಕ್ಯಾಮೆರಾ ಲೇನಿಗೆ ಲೇನೇ ತಾಳೆ ನೋಡೋದು, ಬದಲಿಸಿದ್ರೆ ಕಾಣಲ್ಲ. ಸಿಕ್ಕಿಬೀಳಲಿ ಬೋಳಿಮಕ್ಕಳು, ಒಬ್ಬೊಬ್ಬನ ಮನೆಗೂ ನೋಟಿಸು ಹೋಗಲಿ, ಇಷ್ಟೇ ಅವನ ಮನಸ್ಸಿನಲ್ಲಿದ್ದದ್ದು, ದೇವರಾಣೆ ಇಷ್ಟೇ. ನಾಲಿಗೆಗೆ ಎಲುಬಿಲ್ಲ, ಆದರೆ ಆಡಿದ ಮಾತಿಗೆ ಕಾಲು ಬರುತ್ತದೆ, ವಾರದೊಳಗೆ ಅದು ಎಲ್ಲರ ಫೋನಿನಲ್ಲೂ ಇತ್ತು, ಚಿತ್ರ ಸಮೇತ, ಕೆಂಪು ಬಾಣ ಸಮೇತ, ಒಳಗಿನವರೇ ಹೇಳಿದ ಗುಟ್ಟು ಎಂಬ ತಲೆಬರಹದಲ್ಲಿ, ಅವನ ಫೋನಿಗೂ ಬಂತು, ನೋಡಿ ಅವನು ಹಲ್ಲು ಕಿರಿದಿದ್ದ.

ಹಲ್ಲು ಕಿರಿದಿದ್ದ, ಹೌದು, ಕಿರಿದಿದ್ದ — ಯಾವನೋ ಅವ್ನು ಹಿಂದೆ, ನಮ್ಮ ಡಿಕ್ಕಿಯೊಳಗೇ ಬಂದು ಕೂರ್ತಾನಲ್ಲ, ಎಂದು ಅಕ್ಕ ತಿರುಗಿ ನೋಡುತ್ತಾಳೆ, ನೋಡ್ಬೇಡ ಅಕ್ಕ, ನೋಡಿದ್ರೆ ಇನ್ನೂ ಕೆರಳ್ತಾನೆ — ಹದಿನೆಂಟು ದಿನದ ಹಿಂದೆ, ಬೆಳಗಿನ ಹತ್ತು ಗಂಟೆ, ಹನ್ನೊಂದನೆಯ ಕಂಬ, ಅವನು ಬುಟ್ಟಿಯಲ್ಲಿ ನಿಂತು ಗಾಜು ಒರೆಸುತ್ತಿದ್ದಾನೆ, ಇಪ್ಪತ್ತಡಿ ಕೆಳಗೆ ಗಾಡಿಗಳ ಬೆನ್ನುಗಳು, ಆ ಸಾಲಿನಲ್ಲಿ ಬ್ರೆಡ್ಡಿನ ವ್ಯಾನು, ಛಾವಣಿಯ ಮೇಲಿನ ತುಕ್ಕಿನ ತೇಪೆ ನೋಡಿಯೇ ಗುರುತು ಹತ್ತಿತು, ಕೈಯೆತ್ತಬೇಕೆನ್ನುವಷ್ಟರಲ್ಲಿ ವ್ಯಾನು ಕಂಬದ ಬುಡದಲ್ಲಿ, ಸರಿಯಾಗಿ ಅವನ ಕಾಲ ಕೆಳಗೆ, ಅವನು ಹೇಳಿಕೊಟ್ಟ ಹಾಗೇ, ಹೇಳಿಕೊಟ್ಟ ಜಾಗದಲ್ಲೇ, ಅಡ್ಡಕ್ಕೆ ಎಳೆಯಿತು, ಅಲ್ಲಿ ಒಂದು ಕೆಂಪು ಪುಟ್ಟ ಕಾರಿತ್ತು. ಸದ್ದು ಬುಟ್ಟಿಯ ತಳದಿಂದ ಮೇಲೆ ಬಂದು ಹಲ್ಲಿಗೆ ತಾಗಿತು. ಕಾರು ತಡೆಗೋಡೆಗೆ ಬಡಿದು, ಮಗುಚಿ, ಮತ್ತೆ ಚಕ್ರದ ಮೇಲೇ ನಿಂತಿತು, ವ್ಯಾನು ಮಗ್ಗುಲಾಗಿ ಜಾರುತ್ತ ಜಾರುತ್ತ ಬ್ರೆಡ್ಡು ಕಾರಿಕೊಂಡಿತು, ಅವನು ಇಳಿಯುವ ಗುಂಡಿ ಒತ್ತಿದ, ಒತ್ತೇ ಒತ್ತಿದ, ಬುಟ್ಟಿ ತನ್ನ ಪಾಡಿಗೆ ಗುಂಯ್‌ಗುಡುತ್ತ, ತನ್ನದೇ ವೇಗದಲ್ಲಿ, ಬೇನೆ ತಿಂದವಳ ಹಾಗೆ ನಿಧಾನಕ್ಕೆ ಇಳಿಯಿತು, ಎಷ್ಟು ಹೊತ್ತು, ಅಷ್ಟು ಹೊತ್ತೂ ಅವನು ನೋಡಬೇಕಾಯಿತು, ಕೆಂಪು ಕಾರಿನ ಮುಂದಿನ ಗಾಜು ಇಡಿಯಾಗಿ ಹಾರಿಹೋಗಿತ್ತು, ಗಾಜಿಲ್ಲದ ಆ ಚೌಕಟ್ಟಿನಲ್ಲಿ ವೈಪರು ಮಾತ್ರ ಶುರುವಾಗಿಬಿಟ್ಟಿತ್ತು, ಬಿಸಿಲಿನಲ್ಲಿ, ಬರೀ ಗಾಳಿಯನ್ನು ಒರೆಸುತ್ತ, ಆ ಕಡೆಗೆ, ಈ ಕಡೆಗೆ, ಪ್ರತಿಸಲ ಈ ಕಡೆಗೆ ಬಂದಾಗ ಅದರ ತುದಿ ಕಾರು ಓಡಿಸುತ್ತಿದ್ದವಳ ಕೂದಲಿಗೆ ತಾಗುತ್ತಿತ್ತು. ಹೊಲಿಗೆ ಟೀಚರಾಗಿದ್ದಳಂತೆ. ಹಿಂದಿನ ಸೀಟಿನಲ್ಲಿ ಕತ್ತರಿಸಿದ ಬಟ್ಟೆಗಳ ಗಂಟಿತ್ತು. ಅವಳ ಸರಾಸರಿ ಎಪ್ಪತ್ತನಾಲ್ಕು, ಕಂಬದಲ್ಲಿ ದಾಖಲಾಗಿದೆ, ಪೊಲೀಸರಿಗೆ ತೆಗೆದುಕೊಟ್ಟವನು ಅವನೇ.

ಈಗ ಬೂದು ಕಾರು ಪಕ್ಕಕ್ಕೆ ಬಂತು, ಮುಂದಕ್ಕೆ ಹೋಯಿತು, ಅಡ್ಡ ಬಿತ್ತು, ಬ್ರೇಕು — ಅವನು ರಸ್ತೆಬದಿಯ ಜಲ್ಲಿಗೆ ಎಳೆದು ನಿಲ್ಲಿಸಿದ, ಅಕ್ಕನ ಚೀಲದ ಕಿತ್ತಳೆಗಳು ಕಾಲಬುಡಕ್ಕೆ ಉರುಳಿದವು, ಇಳೀಬೇಡ, ಕಿಟಕಿ ಏರಿಸು, ಎಂದಳು, ಏರಿಸಿದ ಕಿಟಕಿಗೇ ಜಾಕಿನ ರಾಡು ಬಿತ್ತು, ಗಾಜು ಹರಳು ಹರಳಾಗಿ ಅಂಗಿಯೊಳಗೆ, ಬಾಯೊಳಗೆ, ಒಂದು ದಪ್ಪ ಕೈ ಒಳಗೆ ಬಂದು ಕಾಲರು ಹಿಡಿಯಿತು, ಕಿವಿಯ ಮೇಲೆ ಗುದ್ದು, ಮತ್ತೊಂದು, ಕಿವಿಯೊಳಗೆ ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ. ಎಮ್ಮೆ ಥರ ತೆವಳ್ತೀಯಲ್ಲೋ, ಅರ್ಧ ಗಂಟೆಯಿಂದ ನಿನ್ನ ಹಿಂದೆ ಸಾಯ್ತಿದೀನಿ, ಅವನು ಕೈ ಎತ್ತಲಿಲ್ಲ, ಹೊಡೆಯಲಿ, ಇದು ತನಗೆ ಬರಬೇಕಾದದ್ದೇ, ತಡವಾಗಿ ಬಂದಿದೆ ಅಷ್ಟೇ ಎನಿಸುತ್ತಿತ್ತು, ಒಂದು ಬಗೆಯ ನೆಮ್ಮದಿ ಕೂಡ, ಅಕ್ಕ ಚೀರುತ್ತಿದ್ದಾಳೆ, ಬಿಡ್ರೀ ಅವನನ್ನ, ಹುಚ್ಚು ನಾಯಿ ಕಚ್ಚಿದೆಯೇನ್ರೀ ನಿಮಗೆ — ಆಗ ಆ ಮನುಷ್ಯ ಮುಖದ ಹತ್ತಿರ ಮುಖ ತಂದು ಹೇಳಿದ, ಎಂಬತ್ತಂತೆ ಎಂಬತ್ತು, ಲೇನ್ ಬದಲಿಸಿದ್ರೆ ಕ್ಯಾಮೆರಾಗೆ ಕಾಣಲ್ಲ ಅಂತ ಊರಿಗೆಲ್ಲ ಗೊತ್ತು, ನಿನಗೊಬ್ಬನಿಗೆ ಗೊತ್ತಿಲ್ವೇನೋ ಪೆದ್ದು ಮುಂಡೇದೇ. ಆಮೇಲಿನದು ಅವನು ಮಾಡಿದ್ದೋ ಅವನ ಕೈ ಮಾಡಿದ್ದೋ, ಬಾಗಿಲನ್ನು ಒದ್ದ, ಬಾಗಿಲಿನ ಅಂಚು ಆ ಮನುಷ್ಯನ ಮಂಡಿಗೆ ಬಡಿದು ರಾಡು ಬಿತ್ತು, ಇವನು ಆ ಮನುಷ್ಯನ ಮೇಲೆ ಬಿದ್ದ, ಜಲ್ಲಿಯ ಮೇಲೆ, ಎದೆಯ ಮೇಲೆ ಕೂತು ಬಾಯಿಗೇ ಹೊಡೆದ, ಬೇರೆಲ್ಲೂ ಅಲ್ಲ, ಆ ಮಾತು ಹೊರಗೆ ಬಂದ ಬಾಯಿಗೇ, ಕಾಣುತ್ತೆ, ಎಂದು ಒಂದೇಟು, ಕಾಣುತ್ತೆ ಕಣೋ, ಎಲ್ಲ ಕಾಣುತ್ತೆ, ಹಲ್ಲು ಇವನ ಗೆಣ್ಣಿಗೆ ಚುಚ್ಚಿತು, ಸುಳ್ಳು ಅದು, ನಾನು ಹೇಳಿದ ಸುಳ್ಳು, ನಾನೇ ಹುಟ್ಟಿಸಿದ್ದು, ನನ್ನ ಬಾಯಿಂದಲೇ ಬಂದದ್ದು, ತುಟಿ ಒಡೆದು ಹೋಳಾಯಿತು, ನಿಲ್ಲಿಸಲು ಗೊತ್ತಾಗಲಿಲ್ಲ, ಹೊಡೆತ ಹೊಡೆತಕ್ಕೂ ಕೆಳಗಿನ ಬಾಯಿ ತನ್ನದೇ ಬಾಯಿಯ ಹಾಗೆ ಕಾಣುತ್ತಿತ್ತು. ಸಾಯ್ತಾನೆ ಬಿಡೋ, ಬಿಡು ನನ್ನಪ್ಪ, ಎಂದು ಅಕ್ಕ ಕೂದಲು ಹಿಡಿದು ಎಳೆದಳು, ಒದ್ದೆ ಕಂಬಳಿ ಎತ್ತುವವಳ ತೋಳು, ಎಳೆದೇಬಿಟ್ಟಳು. ಬೂದು ಕಾರಿನವನು ಎದ್ದು ಕೂತು ಉಗುಳಿದ, ಉಗುಳಿದ್ದನ್ನು ನೋಡಿದ, ಅಂಗೈಯಲ್ಲಿ ಒಂದು ಹಲ್ಲು. ಗಾಡಿಗಳು ಹೋಗುತ್ತಲೇ ಇದ್ದವು, ಯಾರೂ ನಿಲ್ಲಲಿಲ್ಲ, ಇಬ್ಬರು ಮೂವರು ಫೋನು ಹಿಡಿದು ನಿಧಾನ ಮಾಡಿ ಹೋದರು. ನೀನು ಕ್ಯಾಮೆರಾದವನಾ, ಎಂದ ಆ ಮನುಷ್ಯ, ಹೌದು ಎಂದ ಇವನು, ಹಾಗಾದ್ರೆ ನಿಜ ಹೇಳು, ಲೇನ್ ಬದಲಿಸಿದ್ರೆ ಹಿಡಿಯುತ್ತಾ ಇಲ್ವಾ — ರಕ್ತ ಗದ್ದದಿಂದ ಇಳಿಯುತ್ತಿದೆ, ಆದರೂ ಕೇಳುತ್ತಿದ್ದಾನೆ. ಹಿಡಿಯುತ್ತೆ, ಎಂದ. ಆ ಮನುಷ್ಯ ಒಡೆದ ತುಟಿಯಲ್ಲಿ ನಕ್ಕ, ನೀವು ಹಾಗೇ ತಾನೆ ಹೇಳೋದು, ಅವರ ಸಂಬಳ ತಿನ್ನೋರು, ಎಂದು ಎದ್ದು, ಕುಂಟುತ್ತ ಹೋಗಿ ಕಾರು ಹತ್ತಿ, ಐದನೆಯ ಕಂಬದ ಬುಡದಲ್ಲಿ ಒಂದು ಲೇನಿನಿಂದ ಇನ್ನೊಂದಕ್ಕೆ ಸರ್ರನೆ ಹಾರಿ ಹೋದ.

ಎರಡು ಕಂಬ ಕಳೆದವು, ಹನ್ನೊಂದನೆಯದೂ ಕಳೆಯುವುದರೊಳಗೆ ಅಕ್ಕ ಮಾತಾಡಿಬಿಡಲಿ ಎಂದು ಅವನು ಕಾಯುತ್ತಿದ್ದ, ಒಡೆದ ಕಿಟಕಿಯ ಗಾಳಿ ಕಿವಿಯ ಗಾಯಕ್ಕೆ ಕೊರೆಯುತ್ತಿತ್ತು. ಸುಳ್ಳು ನೀನು ಹುಟ್ಟಿಸಿದ್ದಾ, ಎಂದಳು ಕೊನೆಗೆ. ಹ್ಞೂಂ. ಬ್ರೆಡ್ಡಣ್ಣಂಗೆ ಹೇಳಿದ್ದೂ ನೀನೇನಾ. ಹ್ಞೂಂ. ಅವಳು ಕಾಲಬುಡದ ಕಿತ್ತಳೆ ಒಂದೊಂದಾಗಿ ಹೆಕ್ಕಿ, ಗಾಜಿನ ಚೂರು ಕೊಡವಿ ಚೀಲಕ್ಕೆ ತುಂಬಿದಳು, ಅಂಗಿಯನ್ನ ತಣ್ಣೀರಲ್ಲಿ ನೆನೆಸು, ಬಿಸಿನೀರು ತಾಗಿದ್ರೆ ರಕ್ತದ ಕಲೆ ಕೂತುಬಿಡುತ್ತೆ, ಎಂದಳು, ಅಷ್ಟೇ, ಬೈದಿದ್ದರೆ ಚೆನ್ನಾಗಿತ್ತು. ಆರನೆಯ ವಾರ್ಡು, ಫಿನಾಯಿಲು, ಕಿಟಕಿಯ ಪಕ್ಕದ ಮಂಚ, ಹೊದಿಕೆಯ ಕೆಳಗೆ ಒಂದು ಕಾಲಿನ ಏರು, ಪಕ್ಕದಲ್ಲಿ ಸಪಾಟು, ಬ್ರೆಡ್ಡಣ್ಣ ಅವನ ಮುಖ ನೋಡಿದ, ಅಂಗಿ ನೋಡಿದ, ಯಾರು ಹೊಡೆದ್ರು ಗುರುವೇ, ಎಂದು ಮೊದಲು ಅದನ್ನೇ ಕೇಳಿದ, ಅವನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಹೇಳಿದ, ಅವತ್ತು ನಾನು ಹೇಳಿದ್ದು ಸುಳ್ಳು, ಬೇಕಂತಲೇ ಹೇಳಿದ್ದು. ಬ್ರೆಡ್ಡಣ್ಣ ತಲೆಯಾಡಿಸಿದ, ಗೊತ್ತಾಯ್ತು, ಮಲಗಿದ ಮೇಲೆ ಗೊತ್ತಾಯ್ತು, ಅದಲ್ಲ ನಾನು ಕೇಳ್ಬೇಕಿದ್ದುದು, ನಿನ್ನ ಹತ್ರ ಲೆಕ್ಕ ಇರುತ್ತಲ್ಲ, ಅವತ್ತು ಹತ್ತನೇ ಕಂಬದಿಂದ ಹನ್ನೊಂದಕ್ಕೆ ನನ್ನ ಸ್ಪೀಡು ಎಷ್ಟಿತ್ತು, ಪೊಲೀಸ್ರು ಹೇಳ್ತಿಲ್ಲ, ನನ್ನ ಮೀಟರು ಕೆಟ್ಟು ತಿಂಗಳಾಗಿತ್ತು, ತೊಂಬತ್ತಾದ್ರೂ ದಾಟಿತ್ತಾ, ದಾಟಿರ್ಬೇಕು ಅಲ್ವಾ, ಹೇಳು ಗುರುವೇ, ತೊಂಬತ್ತು ದಾಟಿತ್ತಲ್ಲ. ಕಣ್ಣಲ್ಲಿ ಎಂಥ ಆಸೆ, ತಪ್ಪು ಮಾಡಿದ್ದೆ ಅಂತ ಒಂದು ಮಾತು ಹೇಳಿಬಿಡು ಎನ್ನುವ ಆಸೆ, ಇನ್ನೊಂದು ಸುಳ್ಳು, ಇಷ್ಟೇ ಇಷ್ಟು, ಹೇಳಿದರೆ ಯಾರಿಗೇನು ನಷ್ಟ, ನಾಲಿಗೆಯ ತುದಿಯವರೆಗೆ ಬಂತು, ಬಾಗಿಲ ಬಳಿ ಅಕ್ಕ ಚೀಲ ಹಿಡಿದು ನಿಂತಿದ್ದಾಳೆ — ಎಪ್ಪತ್ತೊಂಬತ್ತು, ಎಂದ. ಎಪ್ಪತ್ತೊಂಬತ್ತಾ. ಹ್ಞೂಂ. ಹಾಗಾದ್ರೆ ನಾನು ಬದಲಿಸೋದೇ ಬೇಕಿರ್ಲಿಲ್ಲ, ಎಂದ ಬ್ರೆಡ್ಡಣ್ಣ, ಮೆಲ್ಲಗೆ, ತನಗೇ ಎಂಬಂತೆ, ಸುಮ್ನೆ ಹೋಗ್ತಾ ಇದ್ದಿದ್ರೆ, ಸುಮ್ನೆ, ನೇರ, ಮುಖ ಕಿಟಕಿಗೆ ತಿರುಗಿತು, ಹೆಗಲು ಅಲುಗತೊಡಗಿತು, ಏನಾದರೂ ಹೇಳಬೇಕು, ಕೈ ಹಿಡಿಯಬೇಕು, ಯಾವ ಕೈಯಿಂದ, ಗೆಣ್ಣೆಲ್ಲ ಇನ್ನೊಬ್ಬನ ರಕ್ತ, ಏನಾದರೂ ಯೋಚಿಸಬೇಕು, ಯೋಚಿಸಲು ಹೋದರೆ ಬಿಸಿಲು, ಚೌಕಟ್ಟು, ಗಾಜಿಲ್ಲ, ವೈಪರು ಆ ಕಡೆಗೆ, ಈ ಕಡೆಗೆ, ಕೂದಲಿಗೆ ತಾಗಿ, ಆ ಕಡೆಗೆ, ಈ ಕಡೆಗೆ, ಕೂದಲಿಗೆ ತಾಗಿ, ಆ ಕಡೆಗೆ