ಚೀಟಿಯಲ್ಲಿ ಬಂದ ‘ಬೇಕು’

2006ರ ಜುಲೈ 9, ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ತಂಗವೇಲು ಎತ್ತಿದ ಚೀಟಿಯಲ್ಲಿ ‘ಬೇಕು’ ಎಂದಿತ್ತು. ಅವನು ತಯಾರಾಗಿ ಬಂದದ್ದು ‘ಬೇಡ’ ಎನ್ನುವುದಕ್ಕೆ.

ತಮಿಳು ಸೀಮೆಯ ಸಿಂಗಾನಲ್ಲೂರಿನಲ್ಲಿ ಕನ್ನಡ ನೇಕಾರರ ಬೀದಿಯ ವಾಚನಾಲಯಕ್ಕೆ ಅಂದು ವಾರ್ಷಿಕೋತ್ಸವ. ಪ್ರತಿವರ್ಷದಂತೆ ಪಟ್ಟಿಮಂಡ್ರಂ ಇತ್ತು: ಒಂದು ವಿಷಯ, ಎರಡು ಪಕ್ಷ, ಕೊನೆಗೆ ತೀರ್ಪು ಹೇಳಲು ಒಬ್ಬ ನಡುವರ್. ಈ ಸಲದ ವಿಷಯ ‘ಕಡ್ಡಾಯ ಸೈನಿಕ ಸೇವೆಯನ್ನು ಮತ್ತೆ ತರಬೇಕೇ?’ ಸ್ವತಂತ್ರ ಭಾರತದಲ್ಲಿ ಅಂಥ ಸೇವೆ ಇದ್ದದ್ದೇ ಇಲ್ಲ. ‘ಮತ್ತೆ’ ಎಂದು ಸೇರಿಸಿದವರು ನಡುವರ್ ಮುತ್ತುಸಾಮಿ, ನಿವೃತ್ತ ತಮಿಳು ಮೇಷ್ಟ್ರು. ಚೀನಾ ಯುದ್ಧದ ನಂತರ ಕೆಲವು ವರ್ಷ ಕಾಲೇಜು ಹುಡುಗರಿಗೆ ಎನ್‌ಸಿಸಿ ಕಡ್ಡಾಯವಾಗಿತ್ತು. ಅವರು ಆಗ ಕಾಲೇಜಿನಲ್ಲಿದ್ದರು. ಅವರ ಪಾಲಿಗೆ ಅದೇ ಸೈನ್ಯ.

ಪಕ್ಷವನ್ನು ಚೀಟಿ ಎತ್ತಿ ಹಂಚುವುದು ಆ ಬೀದಿಯ ಪದ್ಧತಿ. ಹಿಂದೊಮ್ಮೆ ‘ಮನೆಯ ನೆಮ್ಮದಿ ಅತ್ತೆಯಿಂದಲೋ ಸೊಸೆಯಿಂದಲೋ’ ಎಂಬ ವಿಷಯಕ್ಕೆ ಅತ್ತೆಯ ಪರ ಒಂದು ಹೆಸರೂ ಬರದೆ ಹೋದ ಮೇಲೆ ಮಾಡಿದ ನಿಯಮ. ಚೀಟಿ ಎತ್ತಿದ ಮೇಲೆ ತಯಾರಿಗೆ ಒಂದು ಗಂಟೆ.

‘ಬೇಡ’ ಎನ್ನಲು ತಂಗವೇಲುವಿಗೆ ತಯಾರಿಯೇ ಬೇಕಿರಲಿಲ್ಲ. ಮಗ್ಗ ರಿಪೇರಿ ಅವನ ಕಸುಬು; ಭಾಷಣ ಅವನ ಹೆಮ್ಮೆ. ಎರಡು ವಾರದಿಂದ ಮನೆಯಲ್ಲಿ ಅವನು ‘ಬೇಡ’ ಎಂದೇ ಮಾತಾಡುತ್ತಿದ್ದ. ಮಗಳು ಇಲಕ್ಕಿಯಾಳಿಗೆ ಸೇನೆಯ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ನಾಲ್ಕು ವರ್ಷ ಓದು, ಆಮೇಲೆ ಐದು ವರ್ಷ ಸೇನೆಯಲ್ಲೇ ಕೆಲಸ ಮಾಡುವೆನೆಂದು ಬಾಂಡ್. ಅವಳಿಗೆ ಹದಿನೆಂಟು ತುಂಬಲು ಇನ್ನೂ ಎರಡು ತಿಂಗಳಿತ್ತು. ಹಾಗಾಗಿ ತಂದೆಯ ಸಹಿ ಬೇಕು. ಬಾಂಡ್ ಸೋಮವಾರ ಅಂಚೆಗೆ ಬೀಳದಿದ್ದರೆ ಸೀಟು ಮುಂದಿನವಳಿಗೆ. ಆ ಬಾಂಡ್ ಸಹಿಯಿಲ್ಲದೆ ಎರಡು ವಾರದಿಂದ ಟಿವಿಯ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿತ್ತು.

ಟೀ ಅಂಗಡಿಯ ಬೆಂಚಿನಲ್ಲಿ ಕೂತು ತಂಗವೇಲು ಜೇಬಿನ ಕಾಗದ ತೆಗೆದ. ‘ಬೇಡ’ ಪಕ್ಷಕ್ಕೆ ಒಂಬತ್ತು ಅಂಶಗಳಿದ್ದವು. ಅವನು ಕಾಗದ ತಿರುಗಿಸಿ ಹಿಂಬದಿಯಲ್ಲಿ ಬರೆಯತೊಡಗಿದ. ಒಂದೊಂದು ಅಂಶಕ್ಕೂ ಉತ್ತರ ತಾನಾಗಿ ನೆನಪಿಗೆ ಬಂತು. ಎಲ್ಲಿಂದ ಬರುತ್ತಿದೆ ಎಂದು ಅವನು ಯೋಚಿಸಲಿಲ್ಲ. ಭಾಷಣಕಾರರು ಸಾಮಾನ್ಯವಾಗಿ ಯೋಚಿಸುವುದಿಲ್ಲ.

ಹತ್ತೂವರೆಗೆ ಮೈಕ್ ಹಿಡಿದ. ಬೀದಿಯಲ್ಲಿ ಇನ್ನೂರು ಕುರ್ಚಿ, ಮುನ್ನೂರು ಜನ. ವೇದಿಕೆಯಲ್ಲಿ ಎಲ್ಲವೂ ತಮಿಳಿನಲ್ಲೇ.

“ಐದು ವರ್ಷ ಕಟ್ಟಿಹಾಕುತ್ತಾರೆ ಅಂತೀರಿ. ನಾನು ಮಿಲ್ಲಿನಲ್ಲಿ ಹದಿನೆಂಟು ವರ್ಷ ಇದ್ದೆ, ಯಾವ ಕಟ್ಟೂ ಇರಲಿಲ್ಲ. ಒಂದು ದಿನ ಗೇಟಿಗೆ ನೋಟೀಸ್ ಅಂಟಿಸಿದರು, ಮುಗೀತು. ಸೇನೆ ಹಾಗಲ್ಲ. ನೀವು ಅವರನ್ನು ಬಿಡುವ ಹಾಗಿಲ್ಲ ಅಂದರೆ, ಅವರೂ ನಿಮ್ಮನ್ನು ಬಿಡುವ ಹಾಗಿಲ್ಲ!”

ಚಪ್ಪಾಳೆ. ಮೂರನೇ ಸಾಲಿನಲ್ಲಿದ್ದ ಇಲಕ್ಕಿಯಾ ಪಕ್ಕದಲ್ಲಿದ್ದ ತನ್ನ ಅಜ್ಜಿ ರಾಮಾಯಿಯ ಮುಖ ನೋಡಿದಳು.

“ಅಪಾಯವಂತೆ! ತಿರುಚ್ಚಿ ರೋಡಿನಲ್ಲಿ ಸ್ಕೂಟರ್ ಓಡಿಸುವುದಕ್ಕಿಂತ ಅಪಾಯವೇ? ಗಡಿಯಲ್ಲಿ ಒಬ್ಬ ಹುಡುಗನಿಗೆ ಗಾಯವಾದರೆ ಬ್ಯಾಂಡೇಜ್ ಕಟ್ಟುವವಳು ಯಾರೋ ಒಬ್ಬರ ಮನೆಯ ಮಗಳು. ಬೇರೆ ಮನೆಯವಳಾದರೆ ಕೈ ಮುಗಿಯುತ್ತೇವೆ. ನಮ್ಮ ಮನೆಯವಳಾದರೆ ಮಾತ್ರ ಬೇಡವೋ?”

ಇಲಕ್ಕಿಯಾಳ ತುಟಿ ಅವನ ಜೊತೆಜೊತೆಗೇ ಆಡಿತು. ರಾಮಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಎದುರು ಪಕ್ಷ ಶಿವಗಾಮಿಯದು. ಕಾರ್ಪೊರೇಷನ್ ಶಾಲೆಯ ಗಣಿತ ಟೀಚರ್.

“ಬಲವಂತಕ್ಕೆ ಗಣಿತ ಕಲಿತವರನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಅವರ ಕೈಗೆ ಸ್ಕೇಲು ಕೊಡುವುದಕ್ಕೇ ನನಗೆ ಭಯ. ಇವರು ಬಂದೂಕು ಕೊಡಬೇಕು ಅಂತಾರೆ. ಮನಸ್ಸಿದ್ದವರು ಹೋಗಲಿ. ಇಲ್ಲದವರನ್ನು ಕಳಿಸಿದರೆ ಗಡಿಗೂ ನಷ್ಟ, ಮನೆಗೂ ನಷ್ಟ.”

ಮುತ್ತುಸಾಮಿ ತಮ್ಮ ಎನ್‌ಸಿಸಿ ದಿನಗಳನ್ನು ಇಪ್ಪತ್ತು ನಿಮಿಷ ನೆನೆದರು. ತಾವು ಪರೇಡ್ ತಪ್ಪಿಸಲು ಹೇಳಿದ ಹೊಟ್ಟೆನೋವುಗಳ ಲೆಕ್ಕವೂ ಅದರಲ್ಲಿತ್ತು. ಕೊನೆಗೆ ‘ಬೇಡ’ ಎಂದು ತೀರ್ಪು ಕೊಟ್ಟರು.

ಮಧ್ಯಾಹ್ನ ಒಂದೂವರೆಗೆ ತಂಗವೇಲು ಮನೆಗೆ ಬಂದ. ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ. ಮನೆಯೊಳಗಿನ ಮಾತು ತಮಿಳು ಬೆರೆತ ಕನ್ನಡ.

“ತೀರ್ಪಾ ಅದು? ನಾನ್ ಹೇಳಿದ್ರಲ್ಲಿ ಒಂದ್ ತಪ್ಪು ತೋರಿಸು ನೋಡಾಣ, ಅವ್ವಾ.”

“ತಪ್ಪೇ ಇಲ್ಲ, ಸಾಮಿ,” ಎಂದಳು ರಾಮಾಯಿ. “ಎರಡು ವಾರದಿಂದ ಕೇಳ್ತಾನೇ ಇದೀನಲ್ಲ. ಇವಳು ಮೈಕ್ ಇಲ್ದೆ ಹೇಳಿದ್ಳು, ನೀನು ಮೈಕ್ ಹಾಕಿ ಹೇಳಿದೆ.”

ತಂಗವೇಲುವಿಗೆ ಅದು ಹೊಳೆದದ್ದು ಆಗಲೇ.

“ಬ್ಯಾಂಡೇಜ್ ಪಾಯಿಂಟ್ ನನಗಿಂತ ಸೂಪರಾ ಹೇಳಿದ್ರಿ ಅಪ್ಪಾ,” ಎಂದಳು ಇಲಕ್ಕಿಯಾ.

“ಪಟ್ಟಿಮಂಡ್ರಂ ಬೇರೆ, ಮನೆ ಬೇರೆ. ಚೀಟೀಲಿ ಬಂತು, ಪೇಸಿದೆ.”

“ಹಂಗಾದ್ರೆ ಶಿವಗಾಮಿ ಟೀಚರ್ ಹೇಳಿದ್ದು ಸರಿ.”

“ಅವರಾ? ಒಂದ್ ಮಾತೂ ಸರಿಯಿಲ್ಲ!”

“ಮನಸ್ಸಿದ್ದವರು ಹೋಗ್ಲಿ ಅಂದ್ರಲ್ಲ. ಅದು ಸರಿಯಾ, ತಪ್ಪಾ?”

ಸರಿ ಎಂದರೆ ಮಗಳು ಹೋಗಬಹುದು. ತಪ್ಪು ಎಂದರೆ ಎಲ್ಲರೂ ಹೋಗಬೇಕು. ತಂಗವೇಲು ಎಲೆಯ ಮುಂದೆ ಕೂತು ರಸಂ ಬಡಿಸಲು ಹೇಳಿದ.

“ಇನ್ನೂ ಸಾಂಬಾರೇ ಹಾಕಿಲ್ಲ,” ಎಂದಳು ಹೆಂಡತಿ ಸೆಲ್ಲಮ್ಮ. “ಮೊದ್ಲು ಕುಟ್ಟಿ ಕೇಳಿದ್ದಕ್ಕೆ ಪದಿಲ್ ಹೇಳಿ.”

ಅವನು ಅನ್ನದಲ್ಲಿ ಕೈಯಾಡಿಸಿದ. ಆಮೇಲೆ ತಗ್ಗಿದ ದನಿಯಲ್ಲಿ, ಜೇಬಿನ ಒಂಬತ್ತು ಅಂಶಗಳಲ್ಲಿ ಇಲ್ಲದ ಹತ್ತನೆಯದನ್ನು ಹೇಳಿದ.

“ಅಷ್ಟು ದೂರ. ಜ್ವರ ಗಿರ ಬಂದ್ರೆ ನಿನ್ನ ಯಾರು ನೋಡ್ತಾರೆ, ಕಣ್ಣು?”

“ಅಪ್ಪಾ, ನಾನು ಹೋಗ್ತಿರೋದೇ ಆಸ್ಪತ್ರೆಗೆ.”

ಮೊದಲು ನಕ್ಕವಳು ಸೆಲ್ಲಮ್ಮ. ತಂಗವೇಲು ನಗದಿರಲು ಪ್ರಯತ್ನಪಟ್ಟ, ರಸಂ ಬರುವವರೆಗೆ ಮಾತ್ರ ತಡೆದುಕೊಂಡ.

ಊಟವಾದ ಮೇಲೆ ಕನ್ನಡಕ ಹಾಕಿಕೊಂಡು ಬಾಂಡ್ ತರಿಸಿದ. ಇಂಗ್ಲಿಷಿನ ನಾಲ್ಕು ಪುಟವನ್ನೂ ಮಗಳಿಂದ ಎರಡು ಸಲ ಓದಿಸಿ ಅರ್ಥ ಹೇಳಿಸಿಕೊಂಡ. ಒಂದು ಕಡೆಯಾದರೂ ಸ್ಪೆಲಿಂಗ್ ತಪ್ಪು ಇರಬೇಕೆಂದು ಹುಡುಕಿದ, ಇರಲಿಲ್ಲ. ಮೂರು ಗಂಟೆಗೆ ಸಹಿ ಹಾಕಿದ. ಕೊನೆಯ ಪುಟದಲ್ಲಿ ಸಾಕ್ಷಿಗೆ ಜಾಗವಿತ್ತು. ಸಾಕ್ಷಿ ಸರ್ಕಾರಿ ನೌಕರರಾಗಿರಬೇಕು ಎಂದು ಕೆಳಗೆ ಬರೆದಿತ್ತು.

“ಈ ಬೀದೀಲಿ ಸರ್ಕಾರಿ ಕೆಲಸದವರು ಯಾರಿದಾರೆ?” ಎಂದ.

ಇದ್ದವರು ಒಬ್ಬರೇ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ತಂಗವೇಲು ಶಿವಗಾಮಿ ಟೀಚರ್ ಮನೆಗೆ ಹೋದ. ಇಬ್ಬರೂ ಮುಕ್ಕಾಲು ಗಂಟೆ ಭಾನುವಾರದ ತೀರ್ಪಿನ ಬಗ್ಗೆ ವಾದಿಸಿದರು. ಎಂಟೂ ಮುಕ್ಕಾಲಿಗೆ ಟೀಚರ್ ಸಾಕ್ಷಿಯ ಸಹಿ ಹಾಕಿದರು. ಹತ್ತು ಇಪ್ಪತ್ತೈದಕ್ಕೆ ಲಕೋಟೆ ಸಿಂಗಾನಲ್ಲೂರು ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟಿನಲ್ಲಿ ಹೋಯಿತು.