ತೂಕಕ್ಕೆ ಕೂತವಳು

ನಮ್ಮ ಮನೆಯವರಿಗೆ ಕಾರೆಂದರೆ ಪ್ರಾಣ ಎಂದು ಊರೆಲ್ಲ ಹೇಳುತ್ತದೆ. ಊರಿಗೇನು, ಹೇಳಿ ಮುಂದೆ ಹೋಗುತ್ತದೆ. ಆ ಕಾರಿನ ಕೆಳಗೆ ಮಲಗಿದವರನ್ನು ಊಟಕ್ಕೆ ಎಬ್ಬಿಸಬೇಕಾದವಳು ನಾನು. ಕರೆದು ಕರೆದು ನನ್ನ ಗಂಟಲೇ ಒಂದು ಹಾರ್ನ್ ಆಗಿದೆ.

ಬನವಾಸಿಯಿಂದ ಸಿರ್ಸಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ನಮ್ಮದೊಂದು ಶೆಡ್ಡಿದೆ. ಸುತ್ತಲಿನ ಹೊಲಗಳ ಅನಾನಸ್ ಅಲ್ಲಿಗೆ ಬರುತ್ತದೆ. ತೂಕ ಮಾಡಿ, ಲಾರಿ ತುಂಬಿಸಿ ಕಳಿಸುವುದು ನಮ್ಮ ದಂಧೆ. ಶೆಡ್ಡಿನ ಹಿಂದಿನ ಅರ್ಧ ಆ ಕಾರಿನದು. ಗೋವಾದಲ್ಲಿ ಕೆಲವು ವರ್ಷ ಮಾತ್ರ ತಯಾರಾಗಿ ನಿಂತುಹೋದ, ಫೈಬರ್ ಮೈಯ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಬಣ್ಣ ನೀಲಿ. ಮಾಡು ಬಟ್ಟೆಯದು, ಮಡಚಿ ಹಿಂದಕ್ಕೆ ಸರಿಸಬಹುದು. ಒಳಗೆ ಕೂತರೆ ಲಾರಿಯ ಚಕ್ರ ಕಣ್ಣಿನ ಎತ್ತರಕ್ಕೆ ಬರುತ್ತದೆ. ನಮ್ಮ ಮನೆಯವರು, ಅಂದರೆ ಆನಂದ, ಅದನ್ನು ಮಡಗಾಂವಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡು ಮಳೆಯಲ್ಲೇ ಓಡಿಸಿಕೊಂಡು ಬಂದಿದ್ದರು. ಬಂದ ದಿನ ಮೊದಲು ಒರೆಸಿದ್ದು ತಮ್ಮ ತಲೆಯನ್ನಲ್ಲ, ಅದರ ಬಾನೆಟ್ಟನ್ನು.

ವರ್ಷಕ್ಕೊಮ್ಮೆ, ಸಂಕ್ರಾಂತಿ ಮುಗಿದ ಮೇಲೆ, ಇವರು ಅದನ್ನು ಕೊಯಮತ್ತೂರಿನ ಟ್ರ್ಯಾಕಿಗೆ ಒಯ್ಯುತ್ತಾರೆ. ಅದು ರೇಸ್ ಅಲ್ಲ, ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಟ್ರ್ಯಾಕ್ ಡೇ ಎನ್ನುತ್ತಾರೆ. ಸ್ವಂತ ಕಾರು ತಂದವರು ಹಗಲಿಡೀ ಜೋರಾಗಿ ಸುತ್ತು ಹಾಕಿ, ಸಂಜೆ ಕಾರು ಕಟ್ಟಿಕೊಂಡು ಊರಿಗೆ ಹೊರಡುವುದು. ಹೊರಟಲ್ಲಿಗೇ ತಿರುಗಿ ಬರುವುದಾದರೆ ಹೊರಡುವುದೇಕೆ ಎಂದು ನಮ್ಮ ಅತ್ತೆ ಪ್ರತಿ ವರ್ಷ ಕೇಳುತ್ತಾರೆ. ಅದಕ್ಕೆ ಉತ್ತರ ನನಗೂ ಗೊತ್ತಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಇವರಿಗೆ ತಲೆಸುತ್ತು ಹತ್ತಿಕೊಂಡಿತು. ಬಗ್ಗಿ ಎದ್ದರೆ ಕಂಬ ಹಿಡಿಯಬೇಕು, ಮಲಗಿ ಹೊರಳಿದರೆ ಮಂಚ ಹಿಡಿಯಬೇಕು. ಹುಬ್ಬಳ್ಳಿಯ ಕಿವಿ ಡಾಕ್ಟರು ಒಳಕಿವಿಯ ತೊಂದರೆ ಎಂದರು. ಗುಳಿಗೆ ಬರೆದುಕೊಟ್ಟು, ಗಾಡಿ ಓಡಿಸುವುದನ್ನು ಬಿಡಿ, ಜೋರಾಗಿ ಓಡಿಸುವ ಮಾತಂತೂ ಬೇಡವೇ ಬೇಡ ಎಂದರು. ಇವರು ಹೂಂ ಎಂದರು, ಅಷ್ಟೆ. ಮರುದಿನ ಕಾರಿನ ಕೀಲಿಯನ್ನು ನನ್ನ ಕೈಗೆ ಕೊಟ್ಟು, "ಗಂಗಾ, ಇವತ್ತ ನೀ ಹೊಡಿ. ನಾ ಬಾಜೂಕ ಕೂತು ಸಪ್ಪಳ ಕೇಳ್ತೀನಿ" ಎಂದರು. ನೀಲಗಂಗಾ ಎಂಬ ನನ್ನ ಹೆಸರನ್ನು ಅರ್ಧ ಮಾಡಿದವರು ಇವರೊಬ್ಬರೇ.

ನಾನು ಅನಾನಸ್ ತುಂಬಿದ ಪಿಕಪ್ ಹೊಡೆಯುವವಳು. ಗೇರು, ಕ್ಲಚ್ಚು ನನಗೆ ಹೊಸದಲ್ಲ. ಆದರೆ ಈ ಕಾರು ಬೇರೆಯೇ. ಸ್ಟಿಯರಿಂಗ್ ಅನ್ನು ತಿರುಗಿಸಬೇಕಿಲ್ಲ, ತಿರುಗಬೇಕೆಂದು ಮನಸ್ಸು ಮಾಡಿದರೆ ಸಾಕು. ಬೆಳಗಿನ ಹೊತ್ತು ಮಂಜು ಇನ್ನೂ ರಸ್ತೆಯ ಮೇಲಿರುವಾಗ ಹೊರಡುತ್ತಿದ್ದೆವು. ಕೆಲವು ದಿನ ಸಿದ್ದಾಪುರದ ಕಡೆಗೆ, ಕೆಲವು ದಿನ ಹುಲಗೋಳದ ಮೇಲೆ ಹಾಯ್ದು ಯಲ್ಲಾಪುರದ ಕಡೆಗೆ. ಮಾಡು ತೆರೆದಿರುತ್ತಿತ್ತು. ಮರಗಳು ಮಂಜಿನಿಂದ ಒಂದೊಂದಾಗಿ ಹೊರಬಂದು, ನಮ್ಮನ್ನು ನೋಡಿ, ಹಿಂದಕ್ಕೆ ಹೋಗುತ್ತಿದ್ದವು. ಇವರು ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಕಣ್ಣು ಬಿಟ್ಟರೆ ಮರಗಳ ಜೊತೆ ತಲೆಯೂ ತಿರುಗುತ್ತದೆ. "ಹಿಂದಿನ ಎಡಚಕ್ರದ ಬೇರಿಂಗ್ ಅಳಾಕತ್ತೈತಿ," ಎನ್ನುತ್ತಿದ್ದರು. ನನಗೆ ಗಾಳಿ ಮಾತ್ರ ಕೇಳುತ್ತಿತ್ತು. ಒಂದು ದಿನ ಮಂಚಿಕೇರಿಯ ಈಚೆಗೆ, ಉದ್ದನೆಯ ಒಂದು ತಿರುವಿನಲ್ಲಿ, ನಾನಿದ್ದೇನೆ ಎನ್ನುವುದೇ ನನಗೆ ಮರೆತುಹೋಯಿತು. ರಸ್ತೆಯೊಂದೇ ಇತ್ತು, ಅದು ತನ್ನಷ್ಟಕ್ಕೆ ಬಾಗುತ್ತಿತ್ತು. ತಿರುವು ಮುಗಿದ ಮೇಲೆ ನನಗೆ ನಾಚಿಕೆಯಾಯಿತು, ಇವರಿಗೆ ಹೇಳಲಿಲ್ಲ.

ಹೀಗೆಯೇ ಇದ್ದಿದ್ದರೆ ಚೆನ್ನಾಗಿತ್ತು. ದೀಪಾವಳಿ ಕಳೆದ ಮೇಲೆ ಸಿರ್ಸಿಯ ಕಮಲಾಕರನ ಫೋನ್ ಬಂತು. ಪ್ರತಿ ವರ್ಷ ನಮ್ಮ ಕಾರನ್ನು ತನ್ನ ಗಾಡಿಯ ಮೇಲೆ ಹೇರಿಕೊಂಡು ಕೊಯಮತ್ತೂರಿಗೆ ಮುಟ್ಟಿಸುವವನು ಅವನು.

"ಅಕ್ಕಾ, ಆನಂದಣ್ಣ ಟ್ರ್ಯಾಕಿಗೆ ಹೆಸರು ಕೊಟ್ಟಾಯ್ತು ಅಂದ ಮಾರಾಯ್ತಿ. ತಲೆಸುತ್ತು ಪೂರಾ ಗುಣ ಆಯ್ತನಾ?"

ಗುಣ ಎಲ್ಲಿಂದ? ಹಿಂದಿನ ದಿನವೇ ಇವರು ಶೆಡ್ಡಿನ ಕಂಬವನ್ನು ತಬ್ಬಿ ನಿಂತಿದ್ದನ್ನು ಕಣ್ಣಾರೆ ನೋಡಿದ್ದೆ. ಆ ವೇಗದಲ್ಲಿ, ಆ ತಿರುವಿನಲ್ಲಿ, ಒಂದು ಸಲ ನೆಲ ತಿರುಗಿದರೆ ಮುಗಿಯಿತು. "ಆಗೇತಿ, ಆಗೇತಿ, ನೀ ನಿನ್ನ ಗಾಡಿ ನೋಡ್ಕೊ," ಎಂದು ಕಮಲಾಕರನಿಗೆ ಸುಮ್ಮಸುಮ್ಮನೆ ರೇಗಿ ಫೋನ್ ಇಟ್ಟೆ. ಗಂಡನ ಮರ್ಯಾದೆಯನ್ನು ಪರರೆದುರು ತೆಗೆಯಲು ಬಾಯಿ ಬರಲಿಲ್ಲ. ಆದರೆ ಅವತ್ತೇ ನಿಶ್ಚಯ ಮಾಡಿದೆ. ಏನೇ ಆಗಲಿ, ಜಗಳವೇ ಆಗಲಿ, ಇವರನ್ನು ಟ್ರ್ಯಾಕಿನಲ್ಲಿ ಆ ಕಾರಿನೊಳಗೆ ಕೂರಲು ಬಿಡುವುದಿಲ್ಲ.

ನಿಶ್ಚಯ ಮಾಡುವುದು ಸುಲಭ. ಇವರು ದಿನವೂ ಕೆಲಸ ಹಚ್ಚಿಕೊಂಡಿದ್ದರು. ಮಳೆಗಾಲದ ತುಕ್ಕನ್ನು ಕೆರೆದು ಚಾಸಿಗೆ ಬಣ್ಣ ಬಳಿದರು. ಬೇರಿಂಗ್ ಬದಲಿಸಿದರು. ಬ್ರೇಕ್ ಆಯಿಲ್ ಹಳೆಯದಾದರೆ ಗಾಳಿಯ ನೀರನ್ನು ಹೀರಿಕೊಂಡಿರುತ್ತದಂತೆ, ಟ್ರ್ಯಾಕಿನ ಬಿಸಿಗೆ ಅದು ಕುದ್ದರೆ ಪೆಡಲ್ ಒತ್ತಿದ್ದು ನೆಲಕ್ಕೇ ಹೋಗುತ್ತದಂತೆ. ಅದನ್ನು ಬಸಿದು ಹೊಸದು ಹಾಕುವುದಕ್ಕೆ ಇಬ್ಬರು ಬೇಕು. ನಾನು ಒಳಗೆ ಪೆಡಲಿನ ಮೇಲೆ, ಇವರು ಹೊರಗೆ ಚಕ್ರದ ಹತ್ತಿರ. "ಒತ್ತು. ಹಿಡಿ. ಬಿಡು." ಒಂದು ಇಡೀ ಮಧ್ಯಾಹ್ನ ನಮ್ಮ ಸಂಸಾರದ ಮಾತೆಂದರೆ ಇಷ್ಟೇ. ಒತ್ತುವಾಗ ಜಗಳ ತೆಗೆಯಬೇಕೆಂದುಕೊಂಡೆ, ಹಿಡಿಯುವಾಗ ಮನಸ್ಸು ಹಿಂಜರಿಯಿತು, ಬಿಡುವಾಗ ಬಿಟ್ಟೇಬಿಟ್ಟೆ. ಆ ಕೆಲಸದಲ್ಲಿದ್ದಾಗ ಇವರ ಮುಖ ಎಷ್ಟು ತಿಳಿಯಾಗಿತ್ತೆಂದರೆ ನನಗೆ ಧೈರ್ಯ ಸಾಲಲಿಲ್ಲ.

ಕೊನೆಗೆ ಉಳಿದಿದ್ದು ತೂಕದ ಕೆಲಸ. ಅನಾನಸ್ ತೂಗುವ ನಮ್ಮ ನಾಲ್ಕು ಎಲೆಕ್ಟ್ರಾನಿಕ್ ತಕ್ಕಡಿಗಳನ್ನು ಮಟ್ಟ ಹಿಡಿದು ಇಟ್ಟು, ಒಂದೊಂದರ ಮೇಲೆ ಒಂದೊಂದು ಚಕ್ರ ಹತ್ತಿಸುತ್ತಾರೆ. ಭಾರ ಯಾವ ಚಕ್ರದ ಮೇಲೆ ಎಷ್ಟು ಬಿದ್ದಿದೆ ಎಂದು ನೋಡಿ, ಸ್ಪ್ರಿಂಗಿನ ಕೆಳಗಿನ ರಿಂಗು ತಿರುಗಿಸುತ್ತ ಸರಿದೂಗಿಸುತ್ತಾರೆ. ಇಲ್ಲದಿದ್ದರೆ ಕಾರು ಬಲಕ್ಕೊಂದು ಥರ, ಎಡಕ್ಕೊಂದು ಥರ ತಿರುಗುತ್ತದೆ. ಹಗುರ ಕಾರಾದ್ದರಿಂದ ಓಡಿಸುವವರ ಮೈಭಾರವೂ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಪ್ರತಿ ವರ್ಷ ತಮ್ಮ ತೂಕದಷ್ಟು ಗೋವಿನಜೋಳವನ್ನು ಚೀಲದಲ್ಲಿ ಕಟ್ಟಿ, ಬೆಲ್ಟ್ ಹಾಕಿ ಡ್ರೈವರ್ ಸೀಟಿನಲ್ಲಿ ಕೂರಿಸುತ್ತಿದ್ದರು. ಒಳಗೆ ಬಂದವರು ಚೀಲಕ್ಕೇ ನಮಸ್ಕಾರ ಹೇಳಿದ್ದೂ ಉಂಟು.

ಇವತ್ತು ಹೇಳಿಯೇಬಿಡುವುದೆಂದು ಸೆರಗು ಸಿಕ್ಕಿಸಿಕೊಂಡು ಹೋದೆ. ಮಧ್ಯಾಹ್ನದ ಬಿಸಿಲು ಶೆಡ್ಡಿನ ತಗಡಿನ ಸಂದಿಯಿಂದ ಕೋಲುಕೋಲಾಗಿ ಇಳಿದಿತ್ತು. ಹಣ್ಣಿನ ವಾಸನೆ ತಲೆಗೇರುವಷ್ಟಿತ್ತು. ನಾನು ಬಾಯಿ ತೆರೆಯುವ ಮೊದಲೇ ಇವರು, "ಬಂದ್ಯಾ? ಒಂದೀಟು ಒಳಗ ಕೂಡು," ಎಂದರು.

"ನಾ ಏನ್ ಗೋವಿನಜ್ವಾಳದ ಚೀಲ ಏನ್ರಿ?"

"ಚೀಲ ಮಾತಾಡೂದಿಲ್ಲ, ನೀ ಮಾತಾಡ್ತಿ. ಅಷ್ಟ ಫರಕು."

ಕೂತೆ. ಕೂತು ಜಗಳ ಮಾಡಿದರಾಯಿತು ಎಂದುಕೊಂಡೆ. ಇವರು ಕಾರಿನ ಕೆಳಗೆ ಸರಿದರು. ಕಾಣುವುದು ಪಾದಗಳು ಮಾತ್ರ, ಕೇಳುವುದು ಸ್ಪ್ಯಾನರಿನ ಸದ್ದು ಮತ್ತು ದನಿ. ಆ ದನಿ ಟ್ರ್ಯಾಕಿನ ಸುದ್ದಿ ತೆಗೆಯಿತು. ಮೊದಲಿನದು ಬಲಕ್ಕೆ ದೊಡ್ಡ ತಿರುವು, ಅವಸರ ಮಾಡಬಾರದು, ಒಳಗಿನ ಅಂಚು ಕಾಣುವತನಕ ಕಾಯಬೇಕು. ಆಮೇಲೆ ಎಡಕ್ಕೆ ಸಣ್ಣದು, ಅದನ್ನು ಹೆಚ್ಚು ಮಾತಾಡಿಸದೆ ದಾಟಬೇಕು. ಮೂರನೆಯದು ಮೋಸದ್ದು, ಮುಗಿಯಿತೆಂದುಕೊಂಡ ಮೇಲೂ ತಿರುಗುತ್ತಲೇ ಇರುತ್ತದೆ. ಮಾತು ಮೆಲ್ಲಗೆ, ತಡೆದು ತಡೆದು ಬರುತ್ತಿತ್ತು. ಪ್ರತಿ ಸಲ ರಿಂಗು ತಿರುಗಿದಾಗ ಕಾರು ಕೂದಲೆಳೆಯಷ್ಟು ಏಳುತ್ತಿತ್ತು, ಇಳಿಯುತ್ತಿತ್ತು. ನನ್ನ ಕಣ್ಣು ಹತ್ತಿತೋ ಏನೋ. ಬಿಸಿಲಿನ ಕೋಲುಗಳು ಹಿಂದಕ್ಕೆ ಸರಿಯತೊಡಗಿದವು. ಅನಾನಸ್ ಬುಟ್ಟಿಗಳು ಟ್ರ್ಯಾಕಿನ ಅಂಚಿನ ಕೆಂಪುಬಿಳಿ ಪಟ್ಟಿಗಳಾದವು. ನಾನು ಆ ದೊಡ್ಡ ಬಲತಿರುವಿನಲ್ಲಿದ್ದೆ, ಅಂಚು ಕಾಣುವುದನ್ನು ಕಾಯುತ್ತಿದ್ದೆ, ಕಾಯುವುದೇ ಸುಖವಾಗಿತ್ತು. ಹೊರಟಲ್ಲಿಗೇ ತಿರುಗಿ ಬಂದರೂ ಬಂದವಳು ಹೊರಟವಳಾಗಿರಲಿಲ್ಲ.

"ಗಂಗಾ, ಇದನ್ನೂ ಹಾಕ್ಕೊ. ಇದರ ಭಾರಾನೂ ಲೆಕ್ಕಕ್ಕ ಬೇಕು."

ಕಣ್ಣು ಬಿಟ್ಟರೆ ಇವರು ಬಾಗಿಲ ಹತ್ತಿರ ಹೆಲ್ಮೆಟ್ ಹಿಡಿದು ನಿಂತಿದ್ದರು. ಹಾಕಿಕೊಂಡೆ. ಇವರ ಹೆಲ್ಮೆಟ್ ದೊಡ್ಡದು, ಹಿಂದೊಮ್ಮೆ ತಮಾಷೆಗೆ ಹಾಕಿದಾಗ ಮೂಗಿನತನಕ ಇಳಿದಿತ್ತು. ಇದು ಕೆನ್ನೆಗೆ ಗಟ್ಟಿಯಾಗಿ ಕೂತಿತು. ತುರುಬು ಬಿಚ್ಚಿ ಜಡೆ ಹಾಕಿದರೆ ಇನ್ನೂ ಸರಿಯಾಗುತ್ತದೆ ಎಂದು ಯೋಚಿಸಿದೆ. ಆಗ ನನಗೆ ತಿಳಿಯಿತು.

"ಇದು ಹೊಸಾದು," ಎಂದೆ.

"ಹೂಂ."

"ಟ್ರ್ಯಾಕಿಗೆ ಯಾರ ಹೆಸರು ಕೊಟ್ಟೀರಿ?"

"ನಿಂದ."

ನನಗೆ ಬಂದಿದ್ದು ಸಿಟ್ಟು. ಇಷ್ಟು ದಿನ ನಿದ್ದೆಗೆಟ್ಟವಳು ನಾನು, ಕಮಲಾಕರನ ಮೇಲೆ ರೇಗಿದವಳು ನಾನು. "ಒಂದ ಮಾತು ಕೇಳಬೇಕಂತ ಅನಸಲಿಲ್ಲೇನ್ರಿ ನಿಮಗ? ಇಲ್ಲಿ ನನ್ನ ಜೀವಾ ಹೋಗಿ ಜೀವಾ ಬರಾಕತ್ತಿತ್ತು! ನೀವ ಹೊಡೀತೀರಿ ಅಂತ ತಿಳಕೊಂಡು, ನಾ…" ಇವರು ಮುಂದಿನ ಚಕ್ರಕ್ಕೆ ಒರಗಿ ನೆಲದ ಮೇಲೆ ಕೂತರು.

"ಚಕ್ರಕ್ಕ ಆತಕೋಬ್ಯಾಡ್ರಿ, ತೂಕ ತಪ್ತದ," ಎಂದೆ. ಸಿಟ್ಟಿನಲ್ಲೂ ಅದೊಂದು ಕಂಡಿತು.

ಇವರು ಸರಿದು ಕೂತರು. ಬಹಳ ಹೊತ್ತು ಕೈಯ ಗ್ರೀಸನ್ನು ಒರೆಸಿಕೊಂಡರು. "ನನಗ ಆಗೂದಿಲ್ಲ ಗಂಗಾ," ಎಂದರು. "ಮೊನ್ನೆ ನೀ ಇಲ್ಲದಾಗ ಅಂಗಳದಾಗ ರಿವರ್ಸ್ ಹಾಕಿದ್ನಿ. ಶೆಡ್ಡ ಎದ್ದು ನನ್ನ ಮ್ಯಾಲೆ ಬಂತು. ಹೆಂಗೋ ನಿಲ್ಲಿಸಿದ್ನಿ. ಇನ್ನ ಈ ಜನ್ಮದಾಗ ಆಗೂದಿಲ್ಲ. ಮಂಚಿಕೇರಿ ಹಾದ್ಯಾಗ ನೀ ಆ ತಿರುವು ತಗೊಂಡ್ಯಲ್ಲ, ಆಗ ಕಾರು ಒಂದೂ ಮಾತಾಡಲಿಲ್ಲ. ನಾ ಹೊಡಿಯೂವಾಗ ಯಾವತ್ತೂ ಅಷ್ಟು ಸುಮ್ಮಕಾಗಿದ್ದಿಲ್ಲ. ನಿನಗ ಬ್ಯಾಡಂದ್ರ ಈಗ ಹೇಳು, ಹೆಸರು ತಗಸ್ತೀನಿ."

ಮಳೆಗಾಲದಿಂದ ಆ ಮಾತಿಗಾಗಿ ಕಾದಿದ್ದೆ. ಆಗೂದಿಲ್ಲ ಎಂದು ಇವರು ತಮ್ಮ ಬಾಯಾರೆ ಹೇಳಿದರೆ ಎದೆಯ ಭಾರ ಇಳಿಯುತ್ತದೆ ಎಂದುಕೊಂಡಿದ್ದೆ. ಹೇಳಿದರು, ಇಳಿಯಲಿಲ್ಲ. ನನ್ನೊಳಗೆ ಹೆದರಿಕೆಯನ್ನು ಹುಡುಕಿದೆ, ಅದು ಇದ್ದಲ್ಲಿ ಆಸೆ ಕೂತಿತ್ತು. ನನಗೆ ಬೇಕಾಗಿತ್ತು. ಇವರಿಂದ ಕಿತ್ತುಕೊಂಡು ಬೇಕಾಗಿರಲಿಲ್ಲ, ಆದರೂ ಬೇಕಾಗಿತ್ತು.

"ಆ ಮೂರನೇದಕ್ಕ ಬ್ರೇಕ್ ಎಲ್ಲಿ ಹಿಡೀಬೇಕು, ಇನ್ನೊಮ್ಮೆ ಹೇಳ್ರಿ," ಎಂದೆ. "ನಿದ್ದಿಗಣ್ಣಾಗ ಬರೊಬ್ಬರಿ ಕೇಳಲಿಲ್ಲ."

ಇವರು ನಕ್ಕರು. ಎದ್ದರು. "ಹಂಗಾದ್ರ ಆ ಸೀಟು ತಗೀಬೇಕು. ಅಲ್ಲಿ ಒಬ್ಬರ ಹೊಡಿಯೂದು, ಸುಮ್ಮನ ಅದರ ಭಾರ ಯಾಕ?"

ಪ್ರತಿ ವರ್ಷ ಟ್ರ್ಯಾಕಿಗೆ ಹೋಗುವ ಮೊದಲು ಎಡಗಡೆಯ ಸೀಟು ತೆಗೆಯುವುದು ವಾಡಿಕೆ. ಆಗೆಲ್ಲ ಅದು ನಾನು ಕೂರುವ ಸೀಟಾಗಿತ್ತು. ಬಿಚ್ಚಿ ಮೂಲೆಗಿಟ್ಟರೆ ನನಗೆ ಏನೂ ಅನಿಸುತ್ತಿರಲಿಲ್ಲ. ಈಗ ಇವರು ಸ್ಪ್ಯಾನರ್ ಹಿಡಿದು ಬಗ್ಗಿ ಒಂದೊಂದೇ ಬೋಲ್ಟು ಸಡಿಲಿಸಿದರು. ಎದ್ದಾಗ ತೂರಾಡಿದಂತಾಗಿ ಬಾಗಿಲ ಅಂಚು ಹಿಡಿದು ಕಣ್ಣು ಮುಚ್ಚಿ ನಿಂತರು. ನಾನು ಬೆಲ್ಟಿಗೆ ಕೈ ಹಾಕಿದೆ.

"ಇಳೀಬ್ಯಾಡ! ನೀ ಎದ್ರ ಸ್ಪ್ರಿಂಗ್ ಏಳ್ತಾವ. ಮಾಡಿದ್ದೆಲ್ಲಾ ಮತ್ತ ಮೊದಲಿಂದ ಆಗ್ತದ."

ಕೂತೆ. ಸಹಾಯಕ್ಕೆ ಹೋಗುವ ಹಾಗಿರಲಿಲ್ಲ. ನನ್ನ ಮೈಯ ಭಾರ ಇದ್ದಲ್ಲೇ ಇರಬೇಕಿತ್ತು. ಇವರು ತಾವು ಮಳೆಗಾಲದಿಂದ ಕೂತ ಸೀಟನ್ನು ತಾವೇ ಎತ್ತಿ ಎದೆಗೆ ಒತ್ತಿ ಹಿಡಿದು, ಹೆಜ್ಜೆ ನೋಡಿಕೊಂಡು ನಡೆದು, ಅನಾನಸ್ ಬುಟ್ಟಿಗಳ ಪಕ್ಕ ಇಟ್ಟು ಬಂದರು. ನನ್ನ ಎಡಕ್ಕೆ ಈಗ ಬರಿಯ ತಗಡಿನ ನೆಲ ಮತ್ತು ಬೋಲ್ಟಿನ ತೂತುಗಳು. ಇವರನ್ನು ಈ ಕಾರಿನಿಂದ ಹೊರಗಿಡಬೇಕೆಂದು ನಿಶ್ಚಯ ಮಾಡಿದವಳು ನಾನೇ.

ಮತ್ತೆ ಕೆಳಗೆ ಸರಿದು ರಿಂಗು ತಿರುಗಿಸಿದರು. ಹೊರಬಂದು ಮುಂದೊಮ್ಮೆ, ಹಿಂದೊಮ್ಮೆ ಕಾರನ್ನು ಒತ್ತಿ ಬಿಟ್ಟರು. ಅದು ಏರಿಳಿದು ನಿಂತ ಮೇಲೆ ನಾಲ್ಕೂ ತಕ್ಕಡಿಗಳನ್ನು ಸುತ್ತಿ ಅಂಕಿ ಓದಿದರು, ಎರಡು ಸಲ ಓದಿದರು.

"ಈಗ ಸರಿ ಆತು ನೋಡು," ಎಂದರು. "ಒಬ್ಬರಿಗೆ."

ನಾನು ಹೆಲ್ಮೆಟ್ಟಿನ ಗಾಜನ್ನು ಕೆಳಕ್ಕೆಳೆದುಕೊಂಡೆ. ಒಳಗೆ ಅತ್ತರೆ ಹೊರಗಿನವರಿಗೆ ಕಾಣುವುದಿಲ್ಲ.