ಹಬೆಯ ಪರೀಕ್ಷೆ

"ಇದನ್ನು ಹಬೆಯಲ್ಲಿ ಇಟ್ಟು ನೋಡಿದ್ದೀರಾ?" ಕಂದು ಬಣ್ಣದ ಪ್ಲಾಸ್ಟಿಕ್ ಬುಶ್ಶನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತ ಇಮ್ತಿಯಾಜ್ ಕೇಳಿದ.

"ಎಲ್ಲ ಟೆಸ್ಟ್ ಆಗಿದೆ ಮಾರಾಯ್ರೆ. ಪಾಸ್," ಎಂದ ಆಲ್ಫೋನ್ಸ್.

"ಹಬೆಯಲ್ಲೂ ನೋಡಿದ್ದೇವೆ," ಎಂದಳು ನುಸ್ರತ್. "ಫೇಲ್ ಆಗಿದೆ."

ಅಬುಧಾಬಿಯ ಮುಸಫ್ಫಾದಲ್ಲಿದ್ದ ಆ ಸಣ್ಣ ಕಾರ್ಖಾನೆಯ ಮೀಟಿಂಗ್ ರೂಮಿನಲ್ಲಿ ಇದ್ದದ್ದು ಈ ಮೂವರೇ. ಮೂವರೂ ಕರಾವಳಿಯವರು. ಆಲ್ಫೋನ್ಸ್ ಕಾರ್ಖಾನೆಯ ಮ್ಯಾನೇಜರ್. ಇಮ್ತಿಯಾಜ್ ದುಬೈಯಲ್ಲಿ ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರ ಯಂತ್ರಗಳನ್ನು ನೋಡಿಕೊಳ್ಳುವವನು. ಅಲ್ಲಿನ ಕುದಿನೀರಿನ ಪಂಪುಗಳಲ್ಲಿ ತಿರುಗುವ ಉಕ್ಕಿನ ದಂಡಕ್ಕೆ ಆಸರೆಯಾಗಿ ಕೂರಬೇಕಾದ ಬುಶ್ ಅದು. ಎರಡು ದುಬಾರಿ ಪ್ಲಾಸ್ಟಿಕ್‌ಗಳ ಮಿಶ್ರಣ. ಒಂದು ಎಂಥ ಕಾವಿಗೂ ಮೆತ್ತಗಾಗದ್ದು, ಇನ್ನೊಂದು ಎಷ್ಟು ಉಜ್ಜಿದರೂ ಬೇಗ ಸವೆಯದ್ದು. ಅವೆರಡನ್ನು ಬೆರೆಸುವ ಹದ ಕಂಡುಹಿಡಿದ ಇಂಜಿನಿಯರ್ ನುಸ್ರತ್‌ಳೇ. ಒಣ ಬಿಸಿಯಲ್ಲಿ ಅದು ಅವಳೇ ಬೆರಗಾಗುವಷ್ಟು ಗಟ್ಟಿಯಾಗಿ ನಿಂತಿತ್ತು. ಹಬೆಯೊಳಗೆ ಮಾತ್ರ ನೀರು ಹೀರಿ ಉಬ್ಬಿ, ದಂಡವನ್ನು ಬಿಗಿದುಕೊಂಡು, ಪುಡಿಪುಡಿಯಾಗಿ ಸವೆದಿತ್ತು. ಪಂಪಿನಲ್ಲಿ ಹಾಗಾದರೆ ನೀರು ತಡೆಯುವ ಸೀಲ್ ಒಡೆದು ಪಕ್ಕದಲ್ಲಿ ನಿಂತವನ ಮೈಮೇಲೆ ಕುದಿನೀರು ಹಾರುತ್ತದೆ. ಇದನ್ನು ಹೇಳಿದಾಗ ಆಲ್ಫೋನ್ಸ್, "ಒಣ ಟೆಸ್ಟ್ ಸಾಕು. ಹಬೆಯದ್ದು ಯಾರು ಕೇಳ್ತಾರೆ?" ಎಂದಿದ್ದ. ಈಗ ಕೇಳುವವನೇ ಎದುರು ಕೂತಿದ್ದ.

ಇಮ್ತಿಯಾಜ್ ಬುಶ್ಶನ್ನು ಮೇಜಿನ ಮೇಲಿಟ್ಟ. "ಮೊದಲ ಪೆಟ್ಟಿಗೆ ಆಗ್ಲೇ ನಮ್ಮಲ್ಲಿಗೆ ಬಂದಾಗಿದೆ. ಈ ವಾರ ಹಾಕಿಸ್ಲಿಕ್ಕಿದ್ದೆ," ಎಂದವನೇ ಎದ್ದು ಹೋದ.

"ಗಿರಾಕಿಯ ಎದುರು ನನ್ನ ಮಾನ ತೆಗೆದೆಯಲ್ಲ," ಆಲ್ಫೋನ್ಸ್ ನುಸ್ರತ್‌ಳತ್ತ ತಿರುಗಿದ. "ಖಲಾಸ್. ನಾಳೆಯಿಂದ ಬರುದು ಬೇಡ."

"ಬರ್ತೇನೆ ಸರ್. ಕೆಲಸದಿಂದ ತೆಗೆದದ್ದು ಅಂತ ಬರೆದು ಕೊಡಿ. ಅಲ್ಲಿವರೆಗೆ ನನ್ನ ಡ್ಯೂಟಿ ಉಂಟು."

"ಯಾಕೆ ತೆಗೆದದ್ದು ಅಂತ ಬರೀಲಿ?"

"ಆದದ್ದನ್ನೇ ಬರೀರಿ."

ಖಲೀಫಾ ಸಿಟಿಯ ಮನೆಯಲ್ಲಿ ಸಂಜೆ ಸುದ್ದಿ ಕೇಳಿ ನುಸ್ರತ್‌ಳ ಗಂಡ ಫೈಝಲ್ ಸೋಫಾದಲ್ಲಿ ಕುಳಿತ. ಅವನ ಕಂಪನಿ ಮುಚ್ಚಿದ ಮೇಲೆ ಮನೆಯವರೆಲ್ಲ ಅವಳ ವೀಸಾದ ಮೇಲೇ ಇದ್ದರು. "ಒಂದು ಸಲ ಸುಮ್ಮನಿದ್ದಿದ್ರೆ ಎಂತ ಆಗ್ತಿತ್ತು? ನಾವೆಲ್ಲ ನಿನ್ನ ಮೇಲೆ ಇದ್ದೇವೆ."

"ಆ ಪಂಪಿನ ಹತ್ರ ನಿಲ್ಲುವವರ ಮೇಲೂ ಯಾರಾದ್ರೂ ಇರ್ತಾರೆ."

"ಮಮ್ಮಾ, ಆರ್ ವಿ ಗೋಯಿಂಗ್ ಬ್ಯಾಕ್?" ಮಗಳು ರುಬೀನ ಬಾಗಿಲಲ್ಲಿ ನಿಂತು ಕೇಳಿದಳು. ನುಸ್ರತ್ ಅವಳತ್ತ ಕೈ ಚಾಚಿದಳು. "ಗೊತ್ತಿಲ್ಲ ಮೋಳೇ. ಬಾ, ಊಟ ಮಾಡು," ಎಂದಳು.

ಮರುದಿನ ಲ್ಯಾಬಿನ ಹೊರಬಾಗಿಲಿಗೆ ಕಾರ್ಡ್ ಹಿಡಿದರೆ ಕೆಂಪು ದೀಪ. ಮತ್ತೆ ಹಿಡಿದಳು. ಮತ್ತೆ ಕೆಂಪು. ಗೋಡೆಯ ಅಂಚಿನ ಕಿರಿದಾದ ನೆರಳಿನಲ್ಲಿ ನಿಂತಳು. ನೆರಳು ಕರಗುತ್ತ ಬಂದು ಬಿಸಿಲು ಚಪ್ಪಲಿಯವರೆಗೆ ತಲುಪಿದರೂ ಕದಲಲಿಲ್ಲ. ಗಾಜಿನಾಚೆಯಿಂದ ಆಲ್ಫೋನ್ಸ್ ಎರಡು ಸಲ ಇಣುಕಿ ಹೋದ.

ಆಗ ಇಮ್ತಿಯಾಜ್‌ನ ಪಿಕಪ್ ಬಂತು. ಅವನು ಬುಶ್ಶುಗಳ ಪೆಟ್ಟಿಗೆಯನ್ನು ಇಳಿಸಿ, ಹೊತ್ತು ತಂದ. ಬಾಗಿಲು ತೆರೆದ ಆಲ್ಫೋನ್ಸ್‌ಗೆ, "ನನ್ನ ಕಣ್ಣೆದುರು ಹಬೆಯಲ್ಲಿ ಓಡಿಸಿ. ಇವರೇ ಓಡಿಸ್ಲಿ," ಎಂದ.

ಪೆಟ್ಟಿಗೆಯಿಂದ ಅವನೇ ಒಂದು ಬುಶ್ ಆರಿಸಿಕೊಟ್ಟ. ನುಸ್ರತ್ ಅದನ್ನು ಯಂತ್ರಕ್ಕೆ ಕೂರಿಸಿ ಹಬೆ ಬಿಟ್ಟಳು. ಮಸೀದಿಯಲ್ಲಿ ಮಧ್ಯಾಹ್ನದ ಬಾಂಗ್ ಆಗುವವರೆಗೂ ದಂಡ ನುಣ್ಣಗೆ ತಿರುಗುತ್ತಿತ್ತು. ಆಲ್ಫೋನ್ಸ್‌ನ ಮುಖದಲ್ಲಿ ಗೆಲುವು ಕಾಣತೊಡಗಿತ್ತು. ಅಷ್ಟರಲ್ಲಿ ಕಿರ್ ಎಂಬ ಸದ್ದು ಎದ್ದಿತು. ಸದ್ದು ಚೀರಾಟವಾಯಿತು. ದಂಡ ಅದುರಿ, ನಿಂತೇಬಿಟ್ಟಿತು.

ಇಮ್ತಿಯಾಜ್ ಬಗ್ಗಿ, ನಿಂತುಹೋದ ದಂಡವನ್ನು ನೋಡಿದ. ಆಮೇಲೆ ನುಸ್ರತ್‌ಳ ಕಡೆ ತಿರುಗಿ, "ಸರಿಯಾದದ್ದು ಯಾವಾಗ ಸಿಗ್ತದೆ?" ಎಂದ.

"ಹದ ಬದಲಿಸ್ಬೇಕು. ಎರಡು ತಿಂಗಳು."

"ಒಂದು ತಿಂಗಳಲ್ಲಿ ಕೊಡುವ," ಎಂದ ಆಲ್ಫೋನ್ಸ್.

"ಆಗುದಿಲ್ಲ," ಎಂದಳು ನುಸ್ರತ್.

"ಹಾಗಾದ್ರೆ ಅಲ್ಲಿವರೆಗೆ ಹಳೇ ಹಿತ್ತಾಳೆಯದ್ದೇ ಇರ್ಲಿ," ಎಂದು ಇಮ್ತಿಯಾಜ್ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಹೊರಟ.

"ಗೆದ್ದೆ ಅಂತ ಎಣಿಸ್ಬೇಡ," ಆಲ್ಫೋನ್ಸ್ ಹಲ್ಲು ಕಚ್ಚಿ ಹೇಳಿದ.

"ಸೋತದ್ದು ನಾನು ಮಾಡಿದ ಮಾಲೇ ಸರ್." ಸವೆದ ಬುಶ್ಶನ್ನು ಚಿಮಟದಲ್ಲಿ ಹಿಡಿದು ಅವಳು ಬೆಳಕಿಗೆ ಒಡ್ಡಿದಳು. ಅದನ್ನು ನೋಡುವಾಗ ಅವಳಿಗೂ ಸಂಕಟವಾಯಿತು. "ನನ್ನ ಕಾರ್ಡ್ ಸರಿ ಮಾಡ್ಸಿ."

ಅವನು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಪ್ಲಾಸ್ಟಿಕ್ ಪುಡಿಗಳ ಡಬ್ಬಿ ಇದ್ದದ್ದು ಹೊರಗಿನ ಸ್ಟೋರಿನಲ್ಲಿ. ಹೊರಗೆ ಹೋದರೆ ಅವಳ ಕಾರ್ಡಿಗೆ ಬಾಗಿಲು ಮತ್ತೆ ತೆರೆಯದು. ನುಸ್ರತ್ ಪೆಟ್ಟಿಗೆಯನ್ನು ಕಾಲಿನಿಂದ ನೂಕಿ ಹೊಸ್ತಿಲಿಗೆ ತಂದಳು. ಮುಚ್ಚಿಕೊಳ್ಳಲು ಬಂದ ಬಾಗಿಲು ಅದಕ್ಕೆ ತಗುಲಿ ನಿಂತಿತು. ಡಬ್ಬಿ ತಂದ ಮೇಲೂ ಪೆಟ್ಟಿಗೆಯನ್ನು ಅಲ್ಲಿಂದ ಸರಿಸಲಿಲ್ಲ. ಮುಸಫ್ಫಾದ ಬಿಸಿಗಾಳಿ ಧೂಳಿನೊಂದಿಗೆ ಎಸಿಯ ತಂಪಿನೊಳಗೆ ನುಗ್ಗುತ್ತಿತ್ತು. ಅವಳು ಹೊಸ ಮಿಶ್ರಣಕ್ಕೆ ಪುಡಿ ತೂಗಲು ಕುಳಿತು, ಅದು ಹಾರಿಹೋಗದಂತೆ ತಕ್ಕಡಿಯ ಸುತ್ತ ಎಡಗೈಯನ್ನು ಅಡ್ಡ ಹಿಡಿದಳು.